ಬೆಳಕು ತೆರೆಯುವ ಬಾಗಿಲು

ಜೀವಕೋಶವನ್ನು ಸುತ್ತಿರುವ ಪೊರೆಯು ಬಹುಮಟ್ಟಿಗೆ ಕೊಬ್ಬಿನ ಅಣುಗಳಿಂದಾದುದೆಂದು ಕಲಿತುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಕೊಬ್ಬಿಗೂ ನೀರಿಗೂ ಹೊಂದಿಕೆಯಿಲ್ಲ. ಹೀಗಿರಲು, ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಅದರ ಬಹುಪಾಲು ನೀರನ್ನು ರಕ್ತಕ್ಕೆ ಹಿಂದಿರುಗಿಸುವುದು ಹೇಗೆ?

ಪೊರೆಯಲ್ಲಿ ನೀರಿಗೆಂದೇ ಸೂಕ್ಷ್ಮವಾದ ಕಾಲುವೆಗಳುಂಟೆಂಬುದನ್ನು ಅಮೆರಿಕದ ಪೀಟರ್ ಆಗ್ರೆಯವರೂ ಅವರ ಸಂಗಡಿಗರೂ 1992ರಲ್ಲಿ ತೋರಿಸಿಕೊಟ್ಟರು. 2003ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಆಗ್ರೆಯವರಿಗೆ ಪಾಲು ದೊರೆಯಿತು. ಅಕ್ವಾಪೊರಿನ್ ಎಂಬ ಈ ಕಾಲುವೆಯಲ್ಲಿ ನೀರಿನ ಅಣುಗಳು ಒಂದರ ಹಿಂದೊಂದಾಗಿ ಸಾಗುವುವು. ಪ್ರೋಟಾನುಗಳು ಮಾತ್ರ ದಾಟಲಾರವು. ಪ್ರೋಟಾನೆಂದರೆ ಜಲಜನಕದ ಪರಮಾಣುವು ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡಾಗ ಉಳಿಯುವ ಕಣ. ಕಟ್ಟೆಯ ನೀರಿನಿಂದ ಯಂತ್ರವನ್ನು ತಿರುಗಿಸುವಂತೆ, ಪೊರೆಯ ಒಂದು ಬದಿಯಲ್ಲಿ ಇವುಗಳನ್ನು ಕೂಡಿಟ್ಟು ಜೀವಕೋಶವು ಶಕ್ತಿಯನ್ನು ಪಡೆಯುವುದು. ಅವು ನೀರಿನೊಡನೆ ಸೋರಿಹೋದರೆ ಜೀವಕ್ಕೇ ಕೇಡು.

ಉಪ್ಪಿನ ಮಡುಗಳಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿಯಾದರೋ ಬೆಳಕಿನ ಬಲದಿಂದಲೇ ಪ್ರೋಟಾನುಗಳನ್ನು ಹೊರದೂಡುವುದು. ಅದರ ನೇರಳೆ ಬಣ್ಣದ ಪೊರೆಯಲ್ಲಿ, ನಮ್ಮ ಕಣ್ಣಿನಲ್ಲಿಯೂ ಇರುವ ರೆಟಿನಾಲ್ ಎಂಬ ವಸ್ತುವುಂಟು. ಬೆಳಕು ತಗಲಿದೊಡನೆ ಅದು ಬಾಗುವುದು, ಪ್ರೋಟಾನು ದಾಟುವುದು.

ಇಂಥ ಬಾಗಿಲನ್ನು ತಾವೇ ಕಟ್ಟಲು ರಸಾಯನಶಾಸ್ತ್ರಜ್ಞರು ಯತ್ನಿಸುತ್ತಿದ್ದಾರೆ. ಅವರಿಗೆ ಅಗುಳಿಯಾಗಿ ಒದಗಿದುದು ಅಜೋಬೆಂಜೀನ್. ನೆಟ್ಟಗಿರುವ ಈ ಅಣುವು ಅತಿನೇರಳೆ ಬೆಳಕಿನಲ್ಲಿ ಬಾಗಿ, ನೀಲಿ ಬೆಳಕಿನಲ್ಲಿ ಮತ್ತೆ ನೆಟ್ಟಗಾಗುವುದು. ಅದನ್ನು ಕೃತಕ ಕಾಲುವೆಗೆ ಜೋಡಿಸಿ, ದಾರಿಯನ್ನು ಬೆಳಕಿನಿಂದಲೇ ತೆರೆಯಬಹುದು, ಮುಚ್ಚಬಹುದು. ಕಡಲ ನೀರನ್ನು ಸಿಹಿನೀರಾಗಿಸುವ ಪೊರೆಗಳಿಗೆ ಕೃತಕ ಕಾಲುವೆಗಳು ನೆರವಾದಾವೆಂಬ ಆಶೆಯುಂಟು. ಆದರೆ ನೀರನ್ನು ಬೇಗನೆ ಬಿಟ್ಟರೆ ಸಾಲದು. ಉಪ್ಪನ್ನು ತಡೆದರೆ ಮಾತ್ರ ನಾವು ಅದನ್ನು ಕುಡಿಯಬಲ್ಲೆವು.