ನೀರು ಎಲ್ಲಿ ನಿಂತಿತು?

ಗುಂಡಿ ಒತ್ತಿದ ಕೂಡಲೇ ಡಿಶ್‌ವಾಷರ್ ತಳದಲ್ಲಿ ಉಳಿದ ಹಳೆ ನೀರನ್ನು ಗುರ್ ಎಂದು ಹೊರಹಾಕುತ್ತದೆ. ಸ್ವಲ್ಪ ಹೊತ್ತಿಗೆ ಸಿಂಕಿನ ಕೆಳಗಿನ ಪೈಪಿನಲ್ಲಿ ಹೊಸ ನೀರು ಸುಯ್ಯೆಂದು ಹರಿಯುವ ಸದ್ದು ಕೇಳಿಸಬೇಕು. ಅದು ಕೇಳಿಸದೆ ಯಂತ್ರ ಸುಮ್ಮನೆ ಕಾಯುತ್ತದೆ, ಕೆಲವು ನಿಮಿಷವಾದ ಮೇಲೆ ಬೀಪ್ ಎಂದು ಕೈಚೆಲ್ಲುತ್ತದೆ. ಪರದೆಯ ಮೇಲೆ ಒಂದು ಕಂಪನಿಯದಾದರೆ ‘ಐಇ’, ಇನ್ನೊಂದರದಾದರೆ ‘ಇ18’, ಮತ್ತೊಂದರಲ್ಲಿ ನಲ್ಲಿಯ ಚಿಕ್ಕ ಚಿತ್ರ. ಎಲ್ಲದರ ದೂರೂ ಒಂದೇ: ನೀರು ಬರುತ್ತಿಲ್ಲ.

ಈ ದೂರನ್ನು ಇದ್ದದ್ದು ಇದ್ದಂತೆ ನಂಬಬೇಕು ಎನ್ನುವುದು ನನ್ನ ವಾದ. ತಾನು ಕೆಟ್ಟಿದ್ದೇನೆ ಎಂದು ಯಂತ್ರ ಹೇಳುತ್ತಿಲ್ಲ. ಆದರೂ ಮನೆಯವರ ಗುಮಾನಿ ಮೊದಲು ಹೋಗುವುದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ. ಮಕ್ಕಳು ದೂರದಲ್ಲಿದ್ದು, ಅವರು ಕೊಡಿಸಿದ ಯಂತ್ರವನ್ನೇ ನೆಚ್ಚಿಕೊಂಡಿರುವ ವಯಸ್ಸಾದ ದಂಪತಿ ಬೆಂಗಳೂರು, ಮೈಸೂರುಗಳಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ‘ಬೋರ್ಡ್ ಹೋಗಿದೆ’ ಎಂದು ಯಾರಾದರೂ ಹೇಳಿಬಿಟ್ಟರೆ ಅಲ್ಲವೆನ್ನಲು ಅವರ ಬಳಿ ಏನೂ ಇರುವುದಿಲ್ಲ. ನೀರು ಬರುವ ದಾರಿ ಗೊತ್ತಿದ್ದರೆ ಆ ಮಾತನ್ನು ಪರೀಕ್ಷಿಸಿ ನೋಡಬಹುದು.

ದಾರಿ ಶುರುವಾಗುವುದು ಅಡುಗೆಮನೆಯಲ್ಲಲ್ಲ, ತಾರಸಿಯ ಮೇಲಿನ ಟ್ಯಾಂಕಿನಲ್ಲಿ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಇರುತ್ತದೆ. ಹಲವು ಡಿಶ್‌ವಾಷರ್‌ಗಳ ಕೈಪಿಡಿ ಕೇಳುವ ಕನಿಷ್ಠ ಒತ್ತಡ 0.5 ಬಾರ್; ಕೆಲವು ಮಾದರಿಗಳು 0.3ಕ್ಕೂ ಒಪ್ಪುತ್ತವೆ. ಅರ್ಧ ಬಾರ್ ಎಂದರೆ 5 ಮೀಟರ್ ಎತ್ತರ. ನೆಲಮಹಡಿಯ ಮನೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಟ್ಯಾಂಕಿನ ನೇರ ಕೆಳಗಿರುವ ಕೊನೆಯ ಮಹಡಿಯಲ್ಲಿ ಎತ್ತರ ಮೂರೂವರೆ, ನಾಲ್ಕು ಮೀಟರ್ ಸಿಕ್ಕರೆ ಹೆಚ್ಚು. ಟ್ಯಾಂಕ್ ತುಂಬಿದ ಬೆಳಿಗ್ಗೆ ನಡೆಯುವ ಯಂತ್ರ ಟ್ಯಾಂಕ್ ಬರಿದಾಗುತ್ತಾ ಬಂದ ರಾತ್ರಿ ನಿಂತುಹೋಗುವುದು ಇದರಿಂದಲೇ. ದಿನವೆಲ್ಲ ಒಂದೇ ಸಮ ಇರದ ಕಾಯಿಲೆ ಕಂಡರೆ ಮೊದಲು ನೀರಿನ ಒತ್ತಡವನ್ನೇ ಅನುಮಾನಿಸಿ.

ಅಳೆಯಲು ಬಕೆಟ್ ಸಾಕು. ಯಂತ್ರದ ಪ್ಲಗ್ ಕೀಳಿ, ಸಿಂಕಿನ ಕೆಳಗಿನ ಆಂಗಲ್ ಕಾಕ್ ಮುಚ್ಚಿ, ಪೈಪ್ ಬಿಚ್ಚಿ, ಕಾಕ್ ಬಾಯಿಗೆ ಬಕೆಟ್ ಹಿಡಿದು ಪೂರ್ತಿ ತಿರುಗಿಸಿ. 10 ಲೀಟರ್ ಬಕೆಟ್ ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಹರಿವು ಚೆನ್ನಾಗಿದೆ. ಮೂರು ನಾಲ್ಕು ನಿಮಿಷ ಹಿಡಿದರೆ ತೊಂದರೆ ಯಂತ್ರಕ್ಕಿಂತ ಮುಂಚೆಯೇ ಇದೆ: ಕಾಕ್ ಅರ್ಧ ತೆರೆದಿರಬಹುದು, ಅದರೊಳಗೆ ಸುಣ್ಣ ಕಟ್ಟಿರಬಹುದು, ಅದೇ ಕವಲಿನಿಂದ ಕುಡಿಯುವ ನೀರಿನ ಫಿಲ್ಟರ್ ಕೂಡ ಎಳೆಯುತ್ತಿರಬಹುದು. ಎಲ್ಲವೂ ಸರಿಯಿದ್ದೂ ಹರಿವು ಸಾಲದಿದ್ದರೆ ಚಿಕ್ಕ ಪ್ರೆಶರ್ ಪಂಪ್ ಹಾಕಿಸುವುದೇ ದಾರಿ.

ಮನೆಯ ನೀರು ಯಂತ್ರಕ್ಕೆ ಒಗ್ಗದಿರುವುದು ನಮ್ಮೂರಿನ ಹೊಸ ಕಷ್ಟವೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್‌ನಲ್ಲಿದ್ದ ಜೋಸೆಫೀನ್ ಕಾಕ್ರೇನ್ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು; 1893ರ ಶಿಕಾಗೊ ಜಾಗತಿಕ ಮೇಳದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಹೋಟೆಲುಗಳು ಕೊಂಡವು, ಮನೆಗಳು ಕೊಳ್ಳಲಿಲ್ಲ. ಅಂದಿನ ಮನೆಗಳಲ್ಲಿ ಅಷ್ಟು ಬಿಸಿನೀರಿನ ಏರ್ಪಾಡಿರಲಿಲ್ಲ, ಎಷ್ಟೋ ಕಡೆ ನೀರು ಗಡಸಾಗಿತ್ತು. ಮನೆಯ ನೀರು ಒಗ್ಗದಿದ್ದರೆ ಎಂಥ ಯಂತ್ರವೂ ನಡೆಯದು ಎಂಬುದು ಆಗಲೇ ಗೊತ್ತಾಗಿತ್ತು.

ಗಡಸು ನೀರಿನ ಕೆಲಸ ಕಣ್ಣಾರೆ ಕಾಣಬೇಕಾದರೆ ಪೈಪಿನ ತುದಿಯ ಜಾಲರಿಯನ್ನು ಹೊರಗೆ ತೆಗೆಯಬೇಕು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಪುಟ್ಟ ಬಟ್ಟಲು ಅದು. ಚೂಪುಮೂತಿಯ ಇಕ್ಕಳದಿಂದ ನಡುವಿನ ಗುಬುಟು ಹಿಡಿದೆಳೆದರೆ ಈಚೆ ಬರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಾದರೆ ಅಂಚಿನ ಸುತ್ತ ಬಿಳಿ ಹಕ್ಕಳೆ, ನಡುವೆ ಕೆಂಪು ಮಣ್ಣಿನ ನುಣುಪು ಮರಳು, ಪ್ಲಂಬರ್ ಹೊಸದಾಗಿ ಕೈಯಾಡಿಸಿ ಹೋಗಿದ್ದರೆ ಟೆಫ್ಲಾನ್ ಟೇಪಿನ ಬಿಳಿ ಎಳೆಗಳು, ಪಿವಿಸಿ ಪೈಪ್ ಕೊಯ್ದ ಪುಡಿ. ಟ್ಯಾಂಕ್ ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮಾರನೇ ದಿನ ಯಂತ್ರ ನಿಂತಿತೆಂದರೆ ತಳದ ಗಸಿ ಕದಡಿ ಇಲ್ಲಿಗೇ ಬಂದು ಸೇರಿರುತ್ತದೆ. ಜಾಲರಿಯನ್ನು ಎಸೆಯಬೇಡಿ, ಅದಿಲ್ಲದೆ ಯಂತ್ರ ನಡೆಸಲೂ ಬೇಡಿ. ನಿಂಬೆ ಉಪ್ಪು ಕರಗಿಸಿದ ಬೆಚ್ಚನೆಯ ನೀರಿನಲ್ಲೋ ವಿನೆಗರ್‌ನಲ್ಲೋ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಹೊಸದರಂತಾಗುತ್ತದೆ. ಕೆಲವು ಪೈಪುಗಳ ನಲ್ಲಿಯ ಕಡೆ ದಪ್ಪನೆಯ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಸೋರಿದರೆ ನೀರು ಕಟ್ಟುವ ವಿದ್ಯುತ್ ವಾಲ್ವ್ ಅದರೊಳಗಿದೆ. ಆ ಪೈಪನ್ನು ಕತ್ತರಿಸಬಾರದು, ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಬಾರದು.

ಜಾಲರಿ ದಾಟಿದ ನೀರಿಗೆ ಎದುರಾಗುವುದು ಸೊಲೆನಾಯ್ಡ್ ವಾಲ್ವ್. ಒಳಗೊಂದು ರಬ್ಬರ್ ಪೊರೆ, ಅದರಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ಮೇಲಕ್ಕೆ ನುಸುಳಿದ ನೀರೇ ಪೊರೆಯನ್ನು ಕೆಳಕ್ಕೆ ಒತ್ತಿ ದಾರಿ ಮುಚ್ಚಿರುತ್ತದೆ. ಕಾಯಿಲ್‌ಗೆ ಕರೆಂಟ್ ಬಂದಾಗ ಪುಟ್ಟ ಕಡ್ಡಿ ಮೇಲೆದ್ದು ಆ ನೀರನ್ನು ಬಿಟ್ಟುಕೊಡುತ್ತದೆ. ಆಗ ಕೆಳಗಿನ ನೀರಿನ ಒತ್ತಡ ಪೊರೆಯನ್ನು ಎತ್ತುತ್ತದೆ. ಅಂದರೆ ಬಾಗಿಲು ತೆರೆಯುವುದು ಕರೆಂಟಲ್ಲ, ನೀರು. ಒತ್ತಡ ಸಾಲದಿದ್ದರೆ ಹೊಚ್ಚಹೊಸ ವಾಲ್ವ್ ಕೂಡ ಗುಂಯ್ ಎನ್ನುತ್ತಾ ಮುಚ್ಚಿಯೇ ಇರುತ್ತದೆ. ಇಷ್ಟು ಗೊತ್ತಿಲ್ಲದೆ ವಾಲ್ವ್ ಬದಲಿಸಿ, ಅದೂ ಸರಿಹೋಗಲಿಲ್ಲವೆಂದು ಬೋರ್ಡಿಗೆ ಕೈಹಾಕಿದರೆ ದುಡ್ಡು ದಂಡ.

ಇನ್ನೊಂದು ಬಗೆಯ ದೂರು ಬರುತ್ತದೆ: ನೀರು ಬರುವ ಸದ್ದು ಕೇಳುತ್ತದೆ, ಒಳಗೆ ನೋಡಿದರೆ ನೀರಿಲ್ಲ. ಆಗ ಹೊರಹೋಗುವ ಪೈಪನ್ನು ನೋಡಿ. ನಮ್ಮ ಮನೆಗಳಲ್ಲಿ ಆ ಪೈಪನ್ನು ನೆಲದ ಮೋರಿಯ ಬಾಯಿಗೆ ಸಲೀಸಾಗಿ ಇಳಿಬಿಟ್ಟಿರುತ್ತಾರೆ. ಮೊದಲ ಸಲ ಪಂಪ್ ನೂಕಿದ ನೀರಿನ ಹಿಂದೆಯೇ ತುಂಬುತ್ತಿರುವ ನೀರೂ ತಾನಾಗಿ ಹರಿದು ಹೋಗುತ್ತದೆ. ಒಂದು ಸುತ್ತಿಗೆ ಹತ್ತು ಲೀಟರ್ ಸುಮಾರು ಸಾಕಾಗುವ ಯಂತ್ರ, ಮೋರಿಗೆ ಎಷ್ಟು ಸುರಿಸಿದರೂ ತುಂಬುವುದಿಲ್ಲ. ಪೈಪನ್ನು ನೆಲದಿಂದ ಕನಿಷ್ಠ 40 ಸೆಂಟಿಮೀಟರ್ ಎತ್ತರಕ್ಕೆ ಕೊಂಡೊಯ್ದು, ಅಲ್ಲಿ ಬಿಗಿದು ಕಟ್ಟಿ, ಆಮೇಲೆ ಇಳಿಸಬೇಕು. ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಸಾಲುಗಟ್ಟಿದ 2024ರ ಬೇಸಿಗೆ ಕಂಡ ಬೆಂಗಳೂರಿನಲ್ಲಿ ಕಾವೇರಿ ನೀರು ಹೀಗೆ ಸದ್ದಿಲ್ಲದೆ ಮೋರಿ ಸೇರುವುದು ನನಗೆ ಸಹಿಸಲಾಗದ ಸಂಗತಿ.

ಪಂಪ್ ಮಾತ್ರ ನಿಲ್ಲದೆ ಓಡುತ್ತಾ ಹೊಸ ನೀರು ಬಾರದಿದ್ದರೆ ತಳದ ತಟ್ಟೆಗೆ ನೀರಿಳಿದಿರುತ್ತದೆ. ಅಲ್ಲಿರುವ ತೇಲುಬೆಂಡು ಮೇಲೆದ್ದರೆ ಯಂತ್ರ ನೀರನ್ನು ತಾನೇ ನಿಲ್ಲಿಸುತ್ತದೆ. ಕೈಯಲ್ಲಿ ಪಾತ್ರೆ ಉಜ್ಜುವ ಸೋಪಿನ ದ್ರವವನ್ನು ಡಿಶ್‌ವಾಷರ್‌ಗೆ ಹಾಕಿದರೆ ನೊರೆ ಉಕ್ಕಿ ಕೆಳಗಿಳಿಯುತ್ತದೆ, ಆಗಲೂ ಹೀಗೇ ಆಗುತ್ತದೆ. ತಟ್ಟೆ ಒಣಗಿಸಿದರೆ ಯಂತ್ರ ಮತ್ತೆ ಓಡುತ್ತದೆ ನಿಜ. ಆದರೆ ನೊರೆಯಲ್ಲದೆ ಸೋರಿಕೆಯೇ ಇದ್ದರೆ ಅದನ್ನು ಹುಡುಕದೆ ಓಡಿಸಬಾರದು. ಬಾಗಿಲ ಚಿಲಕ ಟಕ್ ಎಂದು ಕೂತಿದೆಯೇ, ‘ತಡವಾಗಿ ಶುರು’ ಆಯ್ಕೆ ಒತ್ತಿಹೋಗಿದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ.

ಇಷ್ಟೆಲ್ಲ ಸರಿಯಿದ್ದ ಮೇಲೆ ಟೆಕ್ನಿಷಿಯನ್ ಅವರನ್ನು ಕರೆಯಿರಿ, ಬಕೆಟ್ ತುಂಬಿದ ಹೊತ್ತನ್ನು ಮೊದಲೇ ಹೇಳಿ. ಒಳಗಿನ ವೈರುಗಳಿಗೆ ನೀವು ಕೈಹಾಕಬೇಡಿ; ನೀರು ತುಂಬಬೇಕಾದ ಹೊತ್ತಿಗೆ ವಾಲ್ವ್‌ಗೆ ವೋಲ್ಟೇಜ್ ಬರುತ್ತಿದೆಯೇ ಎಂದು ಮೀಟರ್ ಇಟ್ಟು ತೋರಿಸಲು ಅವರನ್ನೇ ಕೇಳಿ. ವೋಲ್ಟೇಜ್ ಬಂದೂ ತೆರೆಯದಿದ್ದರೆ ವಾಲ್ವ್ ಬದಲಿಸಿದರೆ ಸಾಕು. ವೋಲ್ಟೇಜೇ ಬಾರದಿದ್ದರೆ ಬಾಗಿಲ ಸ್ವಿಚ್, ತೇಲುಬೆಂಡಿನ ಸ್ವಿಚ್, ವೈರು ಇವಿಷ್ಟನ್ನೂ ನೋಡಿ ಮುಗಿಸಿದ ಮೇಲೆ ಬೋರ್ಡಿನ ಮಾತು.