ಬಜಪೆಯ ಗುಡ್ಡದ ನೆತ್ತಿಯಲ್ಲಿ

ಮಂಗಳೂರಿನ ಈಶಾನ್ಯಕ್ಕೆ, ಮುರಕಲ್ಲಿನ ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿದ ಬಜಪೆಯ ವಿಮಾನನಿಲ್ದಾಣದಲ್ಲಿ, 1951ರ ಡಿಸೆಂಬರ್ 25ರಂದು, ಪ್ರಧಾನಿ ಜವಾಹರಲಾಲ ನೆಹರೂ ಅವರನ್ನು ಹೊತ್ತ ಡಗ್ಲಸ್ ಡಿಸಿ-3 ವಿಮಾನವು ಬಂದಿಳಿದಾಗ, ಕಡಲನ್ನೇ ಹೆದ್ದಾರಿಯೆಂದು ನಂಬಿದ್ದ ಕರಾವಳಿಗೆ ಆಕಾಶಮಾರ್ಗವೊಂದು ತೆರೆದಂತಾಯಿತು.

ಅಂದಿನ ರನ್‌ವೇ 1,600 ಮೀಟರಿಗಿಂತ ತುಸುವೇ ಉದ್ದ. ದೂರದೇಶಕ್ಕೆ ತುಂಬುಭಾರದಿಂದ ಹಾರುವ ವಿಮಾನಕ್ಕೆ ಅದು ಸಾಲದು. ಆದುದರಿಂದಲೇ ಗಲ್ಫಿನಲ್ಲಿ ದುಡಿಯುತ್ತಿದ್ದ ಮಗನು ಮುಂಬಯಿಯನ್ನೋ ಕೇರಳವನ್ನೋ ಬಳಸಿ ಊರು ಸೇರಬೇಕಾಗಿದ್ದಿತು. 2006ರ ಮೇ ತಿಂಗಳಲ್ಲಿ 2,450 ಮೀಟರುಗಳ ಕಾಂಕ್ರೀಟಿನ ಹೊಸ ರನ್‌ವೇ ಬಳಕೆಗೆ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ. ದಿನಾಂಕ ಮರೆತ ತಾಯಂದಿರಿಗೂ ಆ ವಿಮಾನದ ವೇಳಾಪಟ್ಟಿ ಬಾಯಿಪಾಠವಾಗಿದ್ದಿರಬೇಕು!

ನಿಲ್ದಾಣದ ಕೆಂಜಾರು ಪಾರ್ಶ್ವದಲ್ಲಿ ಎದ್ದುನಿಂತ, ಏರೋಬ್ರಿಡ್ಜುಗಳುಳ್ಳ ನೂತನ ಟರ್ಮಿನಲ್ಲು 2010ರ ಮೇ 15ರಂದು ಉದ್ಘಾಟನೆಗೊಂಡಿತು. ಅದಾಗಿ ವಾರವೊಂದೇ ಕಳೆದಿತ್ತು: ಮೇ 22ರ ಮುಂಜಾವದಲ್ಲಿ, ದುಬೈಯಿಂದ ಬಂದ ವಿಮಾನವೊಂದು, ನೆಲವನ್ನು ಮುಟ್ಟಬೇಕಾದ ಬಿಂದುವನ್ನು ಬಹಳ ಹಿಂದೆ ಬಿಟ್ಟು ಇಳಿದು, ನಿಲ್ಲಲಾರದೆ ರನ್‌ವೇಯ ಅಂಚನ್ನು ದಾಟಿ ಕಂದರಕ್ಕುರುಳಿ ಹೊತ್ತಿ ಉರಿಯಿತು; ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು 8 ಮಂದಿ ಮಾತ್ರ.

2020ರ ಅಕ್ಟೋಬರ್ 31ರಿಂದ ನಿಲ್ದಾಣದ ನಿರ್ವಹಣೆ ಅದಾನಿ ಸಂಸ್ಥೆಯದು. ಇಳಿಯುವ ವಿಮಾನದ ಗವಾಕ್ಷಿಯಲ್ಲಿ ತೆಂಗು, ಹಂಚಿನ ಮಾಡು, ಕಡೆಗೆ ಕಣಿವೆ. ಮರುಕ್ಷಣವೇ ಚಕ್ರದಡಿ ನೆಲ.