ಟರ್ಬೊ ಗಾಡಿ ಟ್ಯೂನಿಂಗ್: ಬೂಸ್ಟ್ ಏರಿಸೋ ಮುಂಚೆ ಸೆನ್ಸರ್ ಏನು ಹೇಳ್ತಿದೆ ನೋಡಿ

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ: "ನನ್ನ ಟರ್ಬೊ ಪೆಟ್ರೋಲ್ ಕಾರಿಗೆ ರೀಮ್ಯಾಪ್ ಮಾಡಿಸ್ಬೇಕು ಅಂತಿದೀನಿ. ಬೂಸ್ಟ್ ಎಷ್ಟರವರೆಗೆ ಏರಿಸಬಹುದು?" ಇವತ್ತಿನ ಸಂಚಿಕೆ ಪೂರ್ತಿ ಇದರ ಬಗ್ಗೆನೇ. ಆದರೆ ಉತ್ತರ ಬೂಸ್ಟ್‌ನಿಂದ ಶುರುವಾಗಲ್ಲ. ನಿಮ್ಮ ಗಾಡಿಯ ಸೆನ್ಸರ್‌ಗಳು ನಿಜ ಹೇಳ್ತಿವೆಯಾ ಅನ್ನೋದರಿಂದ ಶುರುವಾಗುತ್ತೆ.

ನಾನು ಓದಿದ್ದು ಬಿಕಾಂ. ಹಾಗಾಗಿ ಇಂಜಿನ್ ನನಗೆ ಅರ್ಥ ಆಗಿದ್ದು ಲೆಕ್ಕದ ಪುಸ್ತಕದ ಥರ. ಒಳಗೆ ಬರೋ ಗಾಳಿ ಜಮಾ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಖರ್ಚು. ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ಇಲ್ಲಿ ಗುಮಾಸ್ತ. ಅದು ಗಾಳಿಯನ್ನ ಕಣ್ಣಾರೆ ನೋಡಲ್ಲ. ಸೆನ್ಸರ್‌ಗಳು ಕೊಟ್ಟ ಚೀಟಿ ನೋಡಿ ಪೆಟ್ರೋಲ್ ಬಿಡುತ್ತೆ. ಚೀಟಿಯಲ್ಲಿ ಗಾಳಿ ಕಡಿಮೆ ಅಂತಿದ್ರೆ ಪೆಟ್ರೋಲ್ ಕೂಡ ಕಡಿಮೆ.

ಕಡಿಮೆ ಆದ್ರೆ ಏನಾಗುತ್ತೆ? 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಟರ್ಬೊ ಪೂರ್ತಿ ಊದುತ್ತಿರುವಾಗ ಎಷ್ಟೋ ಗಾಡಿಗಳಲ್ಲಿ ಟ್ಯೂನರ್‌ಗಳು ಇದನ್ನ 11.5ರಿಂದ 12.5ರ ಆಸುಪಾಸಿನಲ್ಲಿ ಇಡ್ತಾರೆ, ಅಂದ್ರೆ ಬೇಕಂತಲೇ ಪೆಟ್ರೋಲ್ ಜಾಸ್ತಿ. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿಕೊಂಡು ಸಿಲಿಂಡರನ್ನ ತಂಪಾಗಿಡುತ್ತೆ. ಅದು ಸಿಗದಿದ್ರೆ ಮಿಶ್ರಣ ಅವೇಳೆಯಲ್ಲಿ ಸಿಡಿಯುತ್ತೆ. ಇದನ್ನೇ ನಾಕಿಂಗ್ ಅನ್ನೋದು. ಭಾರಿ ಲೋಡ್‌ನಲ್ಲಿ ಇದು ಮುಂದುವರಿದ್ರೆ ಪಿಸ್ಟನ್ ಬಿರುಕು ಬಿಡಬಹುದು, ಕರಗಲೂಬಹುದು.

ಈಗ ಮೊದಲ ಚೀಟಿ: ಮ್ಯಾಪ್ ಸೆನ್ಸರ್. ರೀಮ್ಯಾಪ್‌ನ ಮ್ಯಾಪ್ ಬೇರೆ, ಇದು ಬೇರೆ. ಇದು ಇಂಜಿನ್‌ಗೆ ಹೋಗೋ ಗಾಳಿಯ ಒಟ್ಟು ಒತ್ತಡ ಅಳೆಯುತ್ತೆ, ಅಂದ್ರೆ ವಾತಾವರಣದ ಒತ್ತಡ ಮತ್ತು ಬೂಸ್ಟ್ ಎರಡೂ ಸೇರಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾತಾವರಣದ ಒತ್ತಡ ಸುಮಾರು 0.91 ಬಾರ್. ಮಂಗಳೂರಲ್ಲಿ 1.01. ಹೆಚ್ಚಿನ ಹೊಸ ಗಾಡಿಗಳಲ್ಲಿ ಇಸಿಯುನೇ ಬೂಸ್ಟ್ ನಿಯಂತ್ರಿಸುತ್ತೆ, ಆದ್ದರಿಂದ ಈ ವ್ಯತ್ಯಾಸವನ್ನ ಅದೇ ಸರಿದೂಗಿಸಬಹುದು. ಆದರೆ ಬರೀ ಸ್ಪ್ರಿಂಗ್ ಮೇಲೆ ನಡೆಯೋ ವೇಸ್ಟ್‌ಗೇಟ್‌ನಲ್ಲಿ 1 ಬಾರ್ ಬೂಸ್ಟ್ ಇಟ್ಟಿದ್ರೆ, ಬೆಂಗಳೂರಲ್ಲಿ ಒಟ್ಟು 1.91, ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದಾಗ 2.01. ನಿಮ್ಮ ಸೆನ್ಸರ್ 2 ಬಾರ್ ತನಕ ಮಾತ್ರ ಓದೋದಾದ್ರೆ ಅದರ ಮೇಲೆ ಎಷ್ಟೇ ಒತ್ತಡ ಬಂದರೂ ಅದು ಬರೆಯೋದು 2 ಅಂತಲೇ. ಗಾಳಿ ಏರುತ್ತೆ, ಪೆಟ್ರೋಲ್ ಏರಲ್ಲ. ಸೆನ್ಸರ್‌ಗೆ ಹೋಗೋ ರಬ್ಬರ್ ಪೈಪ್ ಸೀಳಿದ್ರೂ ಇದೇ ಕಥೆ.

ಎರಡನೆಯದು ಗಾಳಿಯ ಬಿಸಿ. ಒತ್ತಡ ಅಷ್ಟೇ ಇದ್ದು ಗಾಳಿ 30 ಡಿಗ್ರಿಯಿಂದ 60ಕ್ಕೆ ಹೋದ್ರೆ ಅದರ ಸಾಂದ್ರತೆ ಸುಮಾರು 9 ಶೇಕಡಾ ಇಳಿಯುತ್ತೆ. ಜೊತೆಗೆ ಬಿಸಿ ಗಾಳಿಗೆ ನಾಕಿಂಗ್ ಬೇಗ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅರ್ಧ ಗಂಟೆ ನಿಂತು ಆಮೇಲೆ ಒಮ್ಮೆಲೇ ಆಕ್ಸಿಲರೇಟರ್ ತುಳಿಯೋ ಗಾಡಿಗೂ, ಬೆಳಗ್ಗೆ 6 ಗಂಟೆಗೆ ಟೆಸ್ಟ್ ಮಾಡಿದ ಗಾಡಿಗೂ ವ್ಯತ್ಯಾಸ ಇರೋದು ಇದಕ್ಕೇ.

ಮೂರನೆಯದು ಸೈಲೆನ್ಸರ್ ದಾರಿಯಲ್ಲಿರೋ ಆಕ್ಸಿಜನ್ ಸೆನ್ಸರ್. ಹಳೆಯ ನ್ಯಾರೋಬ್ಯಾಂಡ್ ಬರೀ "ಜಾಸ್ತಿ" ಅಥವಾ "ಕಡಿಮೆ" ಅಂತ ಹೇಳುತ್ತೆ, ಎಷ್ಟು ಅನ್ನಲ್ಲ. ಬೂಸ್ಟ್‌ನಲ್ಲಿ 11.5 ಇದೆಯೋ 13.5 ಇದೆಯೋ ಗೊತ್ತಾಗಬೇಕಾದ್ರೆ ವೈಡ್‌ಬ್ಯಾಂಡ್ ಬೇಕೇ ಬೇಕು. ಅದಿಲ್ಲದೆ ಟ್ಯೂನ್ ಮಾಡೋದು ಅಂದಾಜಿನ ವ್ಯವಹಾರ.

ಚೀಟಿಗಳೆಲ್ಲ ಸರಿ ಅಂತಿಟ್ಕೊಳ್ಳಿ. ಗುಮಾಸ್ತ ಹೇಳಿದಷ್ಟು ಪೆಟ್ರೋಲ್ ಕೊಡೋಕೆ ಇಂಜೆಕ್ಟರ್‌ಗೆ ತಾಕತ್ತಿದೆಯಾ? 6000 ಆರ್‌ಪಿಎಂನಲ್ಲಿ ಇಂಜಿನ್‌ನ ಒಂದು ಪೂರ್ತಿ ಸುತ್ತಿಗೆ, ಅಂದ್ರೆ ಕ್ರ್ಯಾಂಕ್ ಎರಡು ಸಲ ತಿರುಗೋಕೆ, ಸಿಗೋದು 20 ಮಿಲಿಸೆಕೆಂಡ್ ಮಾತ್ರ. ಇಂಜೆಕ್ಟರ್ ಅದರಲ್ಲಿ 17 ಮಿಲಿಸೆಕೆಂಡ್ ತೆರೆದೇ ಇದ್ರೆ 85 ಶೇಕಡಾ ಆಯ್ತು. ಪೋರ್ಟ್ ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಮೇಲೆ ಹೋಗಬಾರದು ಅಂತಾರೆ. ಸಿಲಿಂಡರ್ ಒಳಗೇ ಸಿಂಪಡಿಸೋ ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಸಮಯ ಇನ್ನೂ ಕಡಿಮೆ.

ಇಲ್ಲಿಗೆ ನಮ್ಮ ಬಂಕ್ ಪೆಟ್ರೋಲ್ ಕೂಡ ಸೇರ್ಕೊಳ್ಳುತ್ತೆ. ಈಗ ಸಿಗೋದು ಇ20, ಅಂದ್ರೆ 20 ಶೇಕಡಾ ಎಥೆನಾಲ್. ಎಥೆನಾಲ್‌ಗೆ ಬೇಕಾದ ಗಾಳಿ ಸುಮಾರು 9 ಪಾಲು ಮಾತ್ರ, ಆದ್ದರಿಂದ ಇ20ಗೆ 14.7 ಬದಲು ಸುಮಾರು 13.5 ಆಗುತ್ತೆ. ಅಷ್ಟೇ ಗಾಳಿಗೆ ಇ10ಗಿಂತ ಸುಮಾರು 4 ಶೇಕಡಾ ಹೆಚ್ಚು ಇಂಧನ ಬೇಕು. ಎಥೆನಾಲ್ ನಾಕಿಂಗ್ ತಡೆಯುತ್ತೆ, ಅದು ಲಾಭ. ಆದರೆ ಇ10 ಕಾಲದಲ್ಲಿ ಮಾಡಿಸಿದ ಟ್ಯೂನ್‌ನಲ್ಲಿ ಇಂಜೆಕ್ಟರ್ ಆಗಲೇ 85ರಲ್ಲಿದ್ರೆ, ಆ 4 ಶೇಕಡಾ ಎಲ್ಲಿಂದ ಬರಬೇಕು?

ಹಾಗಾಗಿ ಪ್ರಶ್ನೆ ಕಳಿಸಿದವರಿಗೆ ನನ್ನ ಮಾತು: ಟ್ಯೂನರ್ ಹತ್ರ ಹೋದಾಗ ಹಾರ್ಸ್‌ಪವರ್ ಎಷ್ಟು ಅಂತ ಕೇಳೋ ಮುಂಚೆ ಲಾಗ್ ಕೇಳಿ. ಮೊದಲು ಸ್ಟಾಕ್ ಸ್ಥಿತಿಯಲ್ಲಿ ಒಂದು, ಟ್ಯೂನ್ ಆದ್ಮೇಲೆ ಇನ್ನೊಂದು. ಅದರಲ್ಲಿ ಐದು ವಿಷಯ ಇರಲಿ: ಮ್ಯಾಪ್ ಒತ್ತಡ, ಗಾಳಿಯ ಉಷ್ಣತೆ, ವೈಡ್‌ಬ್ಯಾಂಡ್ ಓದು, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿದೆ, ನಾಕ್ ಆದಾಗ ಇಸಿಯು ಇಗ್ನಿಷನ್ ಎಷ್ಟು ಹಿಂದಕ್ಕೆ ಎಳೀತು. ಸ್ಟಾಕ್ ಗಾಡಿಯಲ್ಲೇ ನಾಕ್ ಕಾಣಿಸ್ತಿದ್ರೆ ಮೊದಲು ಅದನ್ನ ರಿಪೇರಿ ಮಾಡಿಸಿ. ಲಾಗ್ ಕೊಡಲ್ಲ ಅಂದ್ರೆ ಬೇರೆ ಗ್ಯಾರೇಜ್ ನೋಡಿ.

ಇನ್ನೊಂದು ವಿಷಯ. ರೀಮ್ಯಾಪ್ ಮಾಡಿಸಿದ್ರೆ ವಾರಂಟಿ ಕೈಬಿಡಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. ದುಡ್ಡು ಕೊಡೋ ಮುಂಚೆ ಇದನ್ನೂ ಲೆಕ್ಕಕ್ಕೆ ಹಿಡೀರಿ.

ನಿಮ್ಮ ಹತ್ರ ಲಾಗ್ ಇದ್ದು ಅರ್ಥ ಆಗ್ತಿಲ್ಲ ಅಂದ್ರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದೊಂದೇ ಸಾಲು ಓದೋಣ. ಸಿಗೋಣ.